ಮುಖದ ಕಾಂತಿಗೆ ನಮ್ಮದೇ ರಕ್ತ: ಮೋಹಕ್ಕೆ ಮುನ್ನ ವಿವೇಕವಿರಲಿ

ಮಳೆಗಾಲ ಕಾಲಿಟ್ಟೊಡನೆ ಕರಾವಳಿಯ ಮನೆಗಳಲ್ಲಿ "ಪ್ಲೇಟ್‌ಲೆಟ್ ಎಷ್ಟಿದೆ?" ಎಂಬ ಆತಂಕದ ಪ್ರಶ್ನೆ ಕೇಳಿಬರುತ್ತದೆ. ಡೆಂಗಿ ಜ್ವರವು ಈ ಪದವನ್ನು ನಮ್ಮ ಮನೆಮಾತಾಗಿಸಿದೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಈ ಕಿರುಬಿಲ್ಲೆಗಳು ಗಾಯವಾದೆಡೆ ಧಾವಿಸಿ ರಕ್ತಸ್ರಾವವನ್ನು ತಡೆಯುತ್ತವೆ. ಜೀವವುಳಿಸುವ ಈ ಕಣಗಳ ಹೆಸರು ಈಗ ಬೇರೊಂದು ಸಂದರ್ಭದಲ್ಲಿಯೂ ಕೇಳಿಬರುತ್ತಿದೆ. ಉಡುಪಿ, ಮಣಿಪಾಲಗಳಿಂದ ಕಾಪು, ಕಾರ್ಕಳಗಳವರೆಗೆ ಮದುವೆಯ ಸಿದ್ಧತೆಯಲ್ಲಿರುವ ಮನೆಗಳ ಮಾತಿನಲ್ಲಿ 'ಪಿಆರ್‌ಪಿ' ಎಂಬ ಮೂರಕ್ಷರ ಸುಳಿದಾಡುತ್ತಿದೆ. ಮಠದ ಭಕ್ತರ ಮಕ್ಕಳಲ್ಲಿ ಅನೇಕರು ಈ ಭಾಗದಲ್ಲಿ ಓದು, ಉದ್ಯೋಗಗಳಲ್ಲಿರುವುದರಿಂದ ಇದರ ಕುರಿತು ನಮ್ಮ ಅಭಿಪ್ರಾಯವನ್ನು ಸ್ಪಷ್ಟಪಡಿಸುವುದು ಉಚಿತವೆನಿಸಿದೆ.

ಪಿಆರ್‌ಪಿ ಎಂದರೆ ಪ್ಲೇಟ್‌ಲೆಟ್‌ಗಳಿಂದ ಸಮೃದ್ಧವಾದ ಪ್ಲಾಸ್ಮಾ. ವ್ಯಕ್ತಿಯ ತೋಳಿನಿಂದ ಅಲ್ಪ ಪ್ರಮಾಣದ ರಕ್ತವನ್ನು ತೆಗೆದು, ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟಾಗ ಭಾರವಾದ ಕೆಂಪು ಕಣಗಳು ತಳ ಸೇರುತ್ತವೆ. ಮೇಲುಳಿಯುವ ಹೊನ್ನಿನ ಬಣ್ಣದ ದ್ರವದಲ್ಲಿ ಪ್ಲೇಟ್‌ಲೆಟ್‌ಗಳ ಸಾಂದ್ರತೆ ಹಲವು ಪಟ್ಟು ಹೆಚ್ಚಿರುತ್ತದೆ. ಅದನ್ನು ಸೂಕ್ಷ್ಮ ಸೂಜಿಗಳ ಮೂಲಕ ಮುಖದ ಚರ್ಮಕ್ಕೆ ಸೇರಿಸುತ್ತಾರೆ. ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳು ಚರ್ಮದ ಕೋಶಗಳನ್ನು ಪ್ರಚೋದಿಸಿ, ಬಿಗಿತ ನೀಡುವ ಕೊಲಾಜೆನ್ ಉತ್ಪಾದನೆಯನ್ನು ಹೆಚ್ಚಿಸುತ್ತವೆ ಎಂಬುದು ಇದರ ಹಿಂದಿನ ತರ್ಕ. ತರ್ಕದಲ್ಲಿ ಹುರುಳಿದೆ, ಗಾಯ ಮಾಯುವ ದಾರಿಯೂ ಇದೇ ಆಗಿದೆ.

ಆದರೆ ತರ್ಕ ಬೇರೆ, ಫಲ ಬೇರೆ. 2018ರಲ್ಲಿ 'ಜಾಮಾ ಡರ್ಮಟಾಲಜಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ವೈದ್ಯರ ಅಧ್ಯಯನವೊಂದು ಪ್ರಕಟವಾಯಿತು. ಬಿಸಿಲಿನಿಂದ ಮಾಗಿದ ಮುಖದವರ ಒಂದು ಕೆನ್ನೆಗೆ ಪಿಆರ್‌ಪಿಯನ್ನೂ ಇನ್ನೊಂದು ಕೆನ್ನೆಗೆ ಬರಿಯ ಲವಣಜಲವನ್ನೂ ಕೊಟ್ಟರು. ಆರು ತಿಂಗಳ ಬಳಿಕ, ಚಿಕಿತ್ಸೆ ಪಡೆದವರಿಗೆ ಪಿಆರ್‌ಪಿ ಕೊಟ್ಟ ಕೆನ್ನೆಯೇ ಹೆಚ್ಚು ನಯವಾಗಿ ತೋರಿತು. ಆದರೆ ಯಾವ ಕೆನ್ನೆಗೆ ಏನು ಕೊಡಲಾಗಿದೆ ಎಂಬುದನ್ನರಿಯದ ಪರೀಕ್ಷಕರಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಾಲ್ಗೊಂಡವರು ಮೂವತ್ತಕ್ಕೂ ಕಡಿಮೆ. ಆದುದರಿಂದ ಇದನ್ನೇ ಅಂತಿಮ ತೀರ್ಪೆನ್ನಲಾಗದು. ಆದರೂ "ಹತ್ತು ವರ್ಷ ಚಿಕ್ಕವರಾಗಿ ಕಾಣುವಿರಿ" ಎಂಬ ಜಾಹೀರಾತಿನ ಮಾತಿಗೂ ವಿಜ್ಞಾನದ ಮಾತಿಗೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಮೊಡವೆಯ ಕಲೆ, ಕೂದಲುದುರುವಿಕೆಯಂತಹ ಸಮಸ್ಯೆಗಳಿಗೆ ತಜ್ಞರು ಇದನ್ನು ಬಳಸುವುದುಂಟು; ಕೆಲವರಿಗೆ ಪ್ರಯೋಜನವೂ ಆಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ನಮ್ಮ ನಿಜವಾದ ಕಳವಳ ಚಿಕಿತ್ಸೆಯ ಬಗೆಗಲ್ಲ, ಅದನ್ನು ನೀಡುವ ಕೈಗಳ ಬಗೆಗೆ. "ನಿಮ್ಮದೇ ರಕ್ತವಲ್ಲವೆ, ಭಯವೇಕೆ?" ಎಂಬ ಮಾತು ಅರ್ಧಸತ್ಯ. ರಕ್ತ ನಮ್ಮದೇ ಇರಬಹುದು, ಸೂಜಿ ಯಾರದು? ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸೌಂದರ್ಯ ಕೇಂದ್ರವೊಂದರಲ್ಲಿ ಇದೇ ಚಿಕಿತ್ಸೆ ಪಡೆದ ಮಹಿಳೆಯರಿಗೆ ಎಚ್‌ಐವಿ ಸೋಂಕು ತಗುಲಿದ ಸಂಗತಿಯನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವಿವರವಾಗಿ ವರದಿ ಮಾಡಿತು. ಹೆಸರು ಬರೆಯದ ರಕ್ತದ ನಳಿಕೆಗಳು ಅಲ್ಲಿಯ ಅಡುಗೆಮನೆಯಲ್ಲಿದ್ದವು. ಒಮ್ಮೆ ಬಳಸಿ ಎಸೆಯಬೇಕಾದ ಸಾಧನಗಳು ಮರುಬಳಕೆಯಾದ ಕುರುಹುಗಳಿದ್ದವು. ಕೇಂದ್ರಕ್ಕೆ ಪರವಾನಗಿಯೇ ಇರಲಿಲ್ಲ. ಕಣ್ಣಿನ ಸುತ್ತ ನೀಡಿದ ಚುಚ್ಚುಮದ್ದಿನಿಂದ ದೃಷ್ಟಿ ಕಳೆದುಕೊಂಡ ವಿರಳ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇದು ಅಲಂಕಾರವಲ್ಲ, ವೈದ್ಯಕೀಯ ಕ್ರಿಯೆ. ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಮಾಡಿಸಿಕೊಳ್ಳಕೂಡದೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮಣಿಪಾಲವೇ ಸಮೀಪದಲ್ಲಿರುವಾಗ, ಅರಿತವರ ಸಲಹೆಗೆ ನಮಗೆ ಕೊರತೆಯಿಲ್ಲ. ಚಿಕಿತ್ಸೆಗೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು. ವೈದ್ಯರು ಚರ್ಮರೋಗದಲ್ಲಿ ತರಬೇತಿ ಹೊಂದಿ ನೋಂದಣಿಯಾದವರೇ? ಕಿಟ್ ಮತ್ತು ಸೂಜಿಯನ್ನು ನಮ್ಮ ಎದುರೇ ಬಿಚ್ಚುವರೇ? ರಕ್ತದ ನಳಿಕೆಯ ಮೇಲೆ ನಮ್ಮ ಹೆಸರನ್ನು ಬರೆಯುವರೇ? ಒಟ್ಟು ಎಷ್ಟು ಬಾರಿ, ಎಷ್ಟು ವೆಚ್ಚ? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಇಂತಹ ಚಿಕಿತ್ಸಾಲಯಗಳು ನೋಂದಣಿ ಹೊಂದಿರಬೇಕು, ದರಪಟ್ಟಿಯನ್ನೂ ಪ್ರದರ್ಶಿಸಬೇಕು. ಕೇಳುವುದು ಅವಿನಯವಲ್ಲ, ಅದು ರೋಗಿಯ ಹಕ್ಕು.

ಪ್ಲೇಟ್‌ಲೆಟ್ ಕೊರತೆಯುಳ್ಳವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ರಕ್ತಹೀನತೆ ಇರುವವರು, ಮುಖದಲ್ಲಿ ಸೋಂಕಿರುವವರು, ಗರ್ಭಿಣಿಯರು ಈ ವಿಚಾರವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಡೆಂಗಿಯಿಂದ ಆಗತಾನೆ ಎದ್ದವರು ಆತುರಪಡಬಾರದು. ಸೂಜಿಯ ರಂಧ್ರಗಳು ಮುಚ್ಚುವವರೆಗೆ ಹಣೆಗೆ ವಿಭೂತಿ, ಕುಂಕುಮ ಯಾವುದನ್ನೂ ಹಚ್ಚಬಾರದು. ಭಕ್ತಿಗೆ ಅದರಿಂದ ಊನವಾಗದು.

ಮುಖದ ಸುಕ್ಕಿಗೆ ಮುಖ್ಯ ಕಾರಣವಾದ ಬಿಸಿಲಿನ ಬಗೆಗೆ ಮಾತ್ರ ನಾವು ಉದಾಸೀನರು. ಕಾಪುವಿನ ಕಡಲತೀರದಲ್ಲಾಗಲಿ ಕಾರ್ಕಳದ ಗದ್ದೆಯಲ್ಲಾಗಲಿ ದುಡಿಯುವ ಹಿರಿಯರು ತಲೆಗೆ ಮುಟ್ಟಾಳೆಯಿಟ್ಟುಕೊಳ್ಳುತ್ತಿದ್ದರು; ಇಂದು ಕೊಡೆ ಹಿಡಿಯಲೂ ಸಂಕೋಚ. ಬಿಸಿಲಿಗೆ ಮರೆ, ಸನ್‌ಸ್ಕ್ರೀನ್ ಲೇಪ, ಧೂಮಪಾನ ತ್ಯಾಗ, ಸಾಕಷ್ಟು ನಿದ್ರೆ: ಸೂಜಿಗೆ ಮುನ್ನ ಇವುಗಳ ಸರದಿ.

ಕೊನೆಗೊಂದು ಮಾತು. ಸ್ವಂತ ಇಚ್ಛೆಯಿಂದ, ಕೈಗೆಟಕುವ ಹಣದಿಂದ, ತಿಳಿದು ಮಾಡಿಸಿಕೊಳ್ಳುವವರನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ವರನ ಕಡೆಯವರು ಏನೆಂದಾರೋ ಎಂದು ಹೆದರಿ, ಸಾಲ ಮಾಡಿ ಮಗಳನ್ನು ಸೂಜಿಗೆ ಒಡ್ಡುವ ತಾಯ್ತಂದೆಯರು ಒಮ್ಮೆ ನಿಂತು ಯೋಚಿಸಲಿ. ಆ ಹೆಣ್ಣುಮಗಳಿಗೆ ಬೇಕಾದುದು ಚಿಕಿತ್ಸೆಯಲ್ಲ, ತನ್ನ ಮುಖ ತನಗೆ ಸಾಕೆಂಬ ಭರವಸೆ. ಅದನ್ನು ಕೊಡಬೇಕಾದವರು ನಾವೇ. ಇನ್ನು ಪ್ಲೇಟ್‌ಲೆಟ್‌ಗಳ ಮಾತು: ರಕ್ತನಿಧಿಯಲ್ಲಿ ಅವುಗಳನ್ನು ಸಾಮಾನ್ಯವಾಗಿ ಐದೇ ದಿನ ಕಾಪಿಡಬಹುದು. ಡೆಂಗಿ ರೋಗಿಗೆ, ಕ್ಯಾನ್ಸರ್ ಪೀಡಿತ ಮಗುವಿಗೆ ಅವು ಬೇಕಾಗುತ್ತಲೇ ಇರುತ್ತವೆ. ಕನ್ನಡಿಯ ಮುಂದೆ ನಿಲ್ಲುವ ನಮ್ಮ ಯುವಜನರು ಒಮ್ಮೆ ರಕ್ತನಿಧಿಯ ಬಾಗಿಲಿಗೂ ಹೋಗಿ ಬರಲಿ. ತನ್ನ ರಕ್ತದಿಂದ ಮತ್ತೊಬ್ಬರ ಮುಖದಲ್ಲಿ ಕಳೆ ತರುವುದಕ್ಕಿಂತ ದೊಡ್ಡ ದಾಸೋಹ ಯಾವುದಿದೆ?