ಆರೋಗ್ಯಸೇವೆಯ ವೆಚ್ಚವೂ ಮೌಲ್ಯವೂ

ಬೆಂಗಳೂರಿನ ಪೂರ್ವಕ್ಕಿರುವ ದೊಡ್ಡನೆಕ್ಕುಂದಿ ಒಂದು ಕಾಲದಲ್ಲಿ ಕೆರೆಯನ್ನು ನಂಬಿ ಬದುಕಿದ ಹಳ್ಳಿ. ಇಂದು ಅದರ ಸುತ್ತ ಕಾರ್ಖಾನೆಗಳೂ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳೂ ತಲೆಯೆತ್ತಿ ನಿಂತಿವೆ. ಸಂಸ್ಥೆಯ ಉದ್ಯೋಗಿಗೆ ವೈದ್ಯಕೀಯ ವಿಮೆಯ ಆಸರೆಯಿರುತ್ತದೆ. ಅದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತ ಕೂಲಿಕಾರನಿಗೆ ಸರಕಾರಿ ಆಸ್ಪತ್ರೆಯೇ ಗತಿ. ಇಂತಹ ಊರಿನಲ್ಲಿ ಸಾರ್ವಜನಿಕ ಹಣವನ್ನು ಯಾವ ಸೇವೆಗೆ ಮೊದಲು ವೆಚ್ಚ ಮಾಡಬೇಕು? ಹೃದಯದ ಶಸ್ತ್ರಚಿಕಿತ್ಸೆಗೋ, ಮನೆಬಾಗಿಲಿಗೆ ಬಂದು ರಕ್ತದೊತ್ತಡ ನೋಡುವ ದಾದಿಗೋ? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಬೊಕ್ಕಸಕ್ಕೆ ಈ ಪ್ರಶ್ನೆ ತಪ್ಪಿದ್ದಲ್ಲ.

ಇದಕ್ಕೆ ಸಾಕ್ಷ್ಯದ ಬಲದಿಂದಲೇ ಉತ್ತರ ಹುಡುಕಬೇಕು. ಎಷ್ಟು ಶಸ್ತ್ರಚಿಕಿತ್ಸೆಗಳು ನಡೆದವು ಎಂಬ ಲೆಕ್ಕ ಸೇವೆಯ ಪ್ರಮಾಣವನ್ನು ತಿಳಿಸೀತೇ ಹೊರತು ಮೌಲ್ಯವನ್ನು ತಿಳಿಸದು. ಸೇವೆ ದೊರೆತವರನ್ನು, ಅಂಥದೇ ಸ್ಥಿತಿಯಲ್ಲಿದ್ದೂ ಸೇವೆ ದೊರೆಯದವರೊಡನೆ ಹೋಲಿಸಿದಾಗ ಅದು ಗೋಚರವಾಗುತ್ತದೆ.

ಕರ್ನಾಟಕದಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಬಡತನದ ರೇಖೆಗಿಂತ ಕೆಳಗಿದ್ದ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ಕಾಯಿಲೆಗಳಲ್ಲಿ ಉಚಿತ ಚಿಕಿತ್ಸೆ ಒದಗಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. ಯೋಜನೆ ಮುಟ್ಟಿದ 300 ಹಳ್ಳಿಗಳನ್ನೂ ಇನ್ನೂ ಮುಟ್ಟದಿದ್ದ ನೆರೆಯ 272 ಹಳ್ಳಿಗಳನ್ನೂ ಆರಿಸಿ, ಸಂಶೋಧಕರು ಸುಮಾರು 60 ಸಾವಿರ ಮನೆಗಳಲ್ಲಿ ವಿಚಾರಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಯೋಜನೆಯಿಂದ ಚಿಕಿತ್ಸೆ ದೊರೆಯಬಹುದಾಗಿದ್ದ ಕಾಯಿಲೆಗಳಿಂದಾದ ಮರಣದ ಪ್ರಮಾಣ, ಯೋಜನೆಯಿದ್ದ ಕಡೆಯ ಬಡವರಲ್ಲಿ ಶೇಕಡಾ 0.32, ಇಲ್ಲದ ಕಡೆಯ ಬಡವರಲ್ಲಿ ಶೇಕಡಾ 0.90. ಯೋಜನೆಗೆ ಸೇರದ ಉಳ್ಳವರಲ್ಲಿ ಅಂತಹ ಅಂತರ ಕಾಣಲಿಲ್ಲ. ಆದುದರಿಂದ ಈ ವ್ಯತ್ಯಾಸವನ್ನು ಊರಿನ ನೀರುಗಾಳಿಗಳಿಗೆ ಆರೋಪಿಸದೆ, ಯೋಜನೆಯೇ ಕಾರಣವೆಂದು ನಂಬಲು ಆಧಾರ ದೊರೆಯಿತು.

ಜೀವಕ್ಕೆ ಬೆಲೆ ಕಟ್ಟಬಹುದೇ ಎಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪವೇನೋ ಮಾನವೀಯವಾದುದೇ. ಆದರೆ ಅಳೆಯದೆ ಹಣ ಹಂಚಿದಾಗಲೂ ಯಾರದೋ ಜೀವಕ್ಕೆ ಬೆಲೆ ಕಟ್ಟಿದಂತೆಯೇ ಆಗುತ್ತದೆ; ದನಿಯಿಲ್ಲದವನ ಪಾಲಿಗೆ ಆ ಬೆಲೆ ತೀರ ಅಲ್ಪವಾಗಿರುತ್ತದೆ.

ಮೇಲೆ ಹೇಳಿದ ಸಾಕ್ಷ್ಯಕ್ಕೂ ಒಂದು ಮಿತಿಯಿದೆ. ಚಿಕಿತ್ಸೆಯ ನೆರವು ಜೀವಗಳನ್ನು ಉಳಿಸಿತೆಂದು ಅದು ತೋರಿಸುತ್ತದೆ. ಅಷ್ಟೇ ಹಣವನ್ನು ದಾದಿಯರ ಸೇವೆಗೆ ವಿನಿಯೋಗಿಸಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೆಂಬುದನ್ನು ತೋರಿಸದು. ಆ ಎರಡನೆಯ ಲೆಕ್ಕವೂ ಆಗಬೇಕು. ಅದನ್ನು ಮಾಡಹೊರಟವರು ಆಸ್ಪತ್ರೆಯ ದಾಖಲೆಗಳನ್ನು ನೋಡಿದರೆ ಸಾಲದು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ದೊಡ್ಡನೆಕ್ಕುಂದಿಯ ಕೂಲಿಕಾರನ ಮನೆಗೂ ಹೋಗಿ ಕೇಳಬೇಕು. ಲೆಕ್ಕಕ್ಕೆ ಸೇರದವನಿಗೆ ಪಾಲೂ ಸೇರದು.