ಅಂಕಪಟ್ಟಿಯಲ್ಲಿ ಕಾಣದ ಮಕ್ಕಳು

ಕುಕನೂರು, ಕನಕಗಿರಿ, ಕಾರಟಗಿಗಳು ಪ್ರತ್ಯೇಕ ತಾಲೂಕುಗಳಾದ ಬಳಿಕವೂ ಕೊಪ್ಪಳ ಜಿಲ್ಲೆಯನ್ನು ಹಳೆಯ ನಾಲ್ಕು ತಾಲೂಕುಗಳ ತಕ್ಕಡಿಯಲ್ಲಿಯೇ ತೂಗುವ ರೂಢಿ ಹೋಗಿಲ್ಲ. ಗಂಗಾವತಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಮುಂದೆ, ಕುಷ್ಟಗಿ-ಯಲಬುರ್ಗಾದವು ಹಿಂದೆ, ಕೊಪ್ಪಳ ನಡುವೆ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಇಂತಹ ತೀರ್ಪು ಅಳೆಯುವುದು ಶಾಲೆಯನ್ನೋ, ಆ ಊರಿನ ನೀರನ್ನೋ?

ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿದೆ, ಭತ್ತದ ಗದ್ದೆಗಳಿವೆ. ಕುಷ್ಟಗಿ, ಯಲಬುರ್ಗಾದ ರೈತ ಬಹುಮಟ್ಟಿಗೆ ಮಳೆಯನ್ನೇ ನಂಬಿದವನು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಇವೆರಡನ್ನೂ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತ್ತು. ಮಳೆ ಕೈಕೊಟ್ಟಾಗ ತಂದೆ-ತಾಯಿ ಕೂಲಿ ಅರಸಿ ಗೋವಾ, ಮಂಗಳೂರು, ಬೆಂಗಳೂರಿಗೆ ಹೊರಡುತ್ತಾರೆ. ಮಗುವೂ ಜೊತೆಗೆ ಹೋಗುತ್ತದೆ. ಅದು ಮರಳುವಷ್ಟರಲ್ಲಿ ಭಿನ್ನರಾಶಿಯ ಪಾಠ ಮುಗಿದಿರುತ್ತದೆ. ಪರೀಕ್ಷೆಗೆ ಕುಳಿತರೆ ಅಂಕ ಕಡಿಮೆ, ಅಪವಾದ ಶಿಕ್ಷಕರ ತಲೆಗೆ. ಕುಳಿತುಕೊಳ್ಳದಿದ್ದರೆ ಶಾಲೆಯ ಸರಾಸರಿ ಏರುತ್ತದೆ! ಮಗು ಕಣ್ಮರೆಯಾದುದೇ ಶಾಲೆಯ ಸಾಧನೆಯೆನಿಸುವ ಈ ಲೆಕ್ಕಾಚಾರಕ್ಕಿಂತ ದೊಡ್ಡ ವಂಚನೆ ಬೇರೇನಿದೆ?

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ರಾಜ್ಯ ಸರಕಾರದೊಂದಿಗೆ 2002ರಲ್ಲಿ ಕೊಪ್ಪಳವೂ ಸೇರಿದಂತೆ ಈಶಾನ್ಯ ಕರ್ನಾಟಕದಲ್ಲಿ ಆರಂಭಿಸಿದ ಕಲಿಕಾ ಖಾತರಿ ಯೋಜನೆ ಈ ದೋಷವನ್ನು ಗುರುತಿಸಿತ್ತು. ಸ್ವಇಚ್ಛೆಯಿಂದ ಮುಂದೆ ಬಂದ ಶಾಲೆಗಳ ಕಲಿಕೆಯ ಜೊತೆಗೆ ದಾಖಲಾತಿ ಮತ್ತು ಹಾಜರಾತಿಯನ್ನೂ ಅದು ಅಳೆಯಿತು. ದುರ್ಬಲ ಮಗುವನ್ನು ಹೊರಗಿಟ್ಟು ಬಹುಮಾನ ಗೆಲ್ಲುವ ದಾರಿಯನ್ನು ಹೀಗೆ ಮುಚ್ಚಲಾಗಿತ್ತು.

ಪಟ್ಟಣಗಳ ಉರ್ದು ಶಾಲೆಗಳ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ ಉತ್ತಮ ಅಂಕ ಪಡೆದ ಹುಡುಗಿ ಎಂಟನೆಯ ತರಗತಿಯಲ್ಲಿ ಕನ್ನಡದ ವಿಜ್ಞಾನ ಪುಸ್ತಕದೆದುರು ತಬ್ಬಿಬ್ಬಾದರೆ ಆ ಅಂಕಗಳಿಗೆ ಏನು ಬೆಲೆ? ಮಾತೃಭಾಷೆಯ ಅಭಿಮಾನ ತಪ್ಪಲ್ಲ. ಆದರೆ ಅದೇ ಶಾಲೆಯಲ್ಲಿ ಕನ್ನಡವನ್ನು ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ತಾಸು ಕಲಿಸುತ್ತಾರೆ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 57.55. ಅಂದು ಅಕ್ಷರ ಕಲಿಯದೆ ಉಳಿದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತಾಯಂದಿರು. ಅವರ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ, ಶಾಲೆಯೇ ಆಸರೆ.

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರಿಗೆ ಸ್ಥಾನವಿದೆ. ಅಲ್ಲಿ ಬಿಸಿಯೂಟ, ಕಾಂಪೌಂಡುಗಳ ಮಾತು ಸಾಕಷ್ಟು ಆಗಿದೆ. ಮುಂದಿನ ಸಭೆಯಲ್ಲಿ ಮುಖ್ಯೋಪಾಧ್ಯಾಯರಿಂದ ಮೂರು ಸಂಖ್ಯೆಗಳನ್ನು ಕೇಳಿ ಪಡೆಯಿರಿ: ಆರನೆಯ ತರಗತಿಗೆ ದಾಖಲಾದವರೆಷ್ಟು, ಏಳನೆಯ ತರಗತಿಯ ಪರೀಕ್ಷೆ ಬರೆದವರೆಷ್ಟು, ಎಂಟನೆಯ ತರಗತಿಗೆ ಸೇರಿದವರೆಷ್ಟು? ಹಿಂದಿನ ವರ್ಷದ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಗಂಗಾವತಿಯೊಡನೆ ಕುಷ್ಟಗಿಯನ್ನು ಹೋಲಿಸುವ ಕೆಲಸ ಆಮೇಲಿನದು.