ಪೋಲೋ ಎಂಬ ಆಟ, ಪೋಲೀಸ್ ಎಂಬ ಮರೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಮ್ಮ ವಾಚಕರು ತಮ್ಮ ಬಡಾವಣೆಗಳ ಹೆಸರುಗಳನ್ನೊಮ್ಮೆ ಆಲೋಚಿಸಬೇಕು. ಬಸವೇಶ್ವರನಗರಕ್ಕೆ ಹೆಸರಿತ್ತ ಬಸವಣ್ಣನವರ ಕಲ್ಯಾಣವು 1948ರ ಸಪ್ಟೆಂಬರಿನವರೆಗೂ ನಿಜಾಮನ ಆಳ್ವಿಕೆಯಲ್ಲಿತ್ತು. ವಿಜಯನಗರವೆಂದೊಡನೆ ನೆನಪಾಗುವ ಆನೆಗೊಂದಿಯೂ ಆ ರಾಜ್ಯಕ್ಕೇ ಸೇರಿತ್ತು. ಭಾರತದ ಸೈನ್ಯವು ಅಲ್ಲಿಗೆ ನುಗ್ಗಿದಾಗ ಗವರ್ನರ್ ಜನರಲ್ ಪದವಿಯಲ್ಲಿದ್ದವರು ರಾಜಾಜಿಯವರು. ರಾಜಾಜಿನಗರವು ಅವರ ಹೆಸರನ್ನು ಹೊತ್ತಿದೆ. ಬಡಾವಣೆಗಳಿಗೆ ಇಂತಹ ಹೆಸರುಗಳನ್ನಿಟ್ಟ ನಾಡು ಬೀದರ, ಕಲಬುರ್ಗಿ, ರಾಯಚೂರುಗಳ ಬಿಡುಗಡೆಯನ್ನು ಮಾತ್ರ ಇಂದಿಗೂ ‘ಆಪರೇಷನ್ ಪೋಲೋ’ ಎಂದೋ ‘ಪೋಲೀಸ್ ಕಾರ್ಯಾಚರಣೆ’ ಎಂದೋ ಕರೆಯುತ್ತಿರುವುದೇಕೆ?

ಯುದ್ಧಕಾಲದಲ್ಲಿ ಗುಪ್ತನಾಮವು ಬೇಡವೆಂದು ನಾವು ಹೇಳೆವು. ಶತ್ರುವಿಗೆ ಸುಳಿವು ಸಿಕ್ಕಬಾರದು, ಅಷ್ಟೆ ಅದರ ಪ್ರಯೋಜನ. ಹೈದರಾಬಾದಿನ ಪೋಲೋ ಮೈದಾನಗಳಿಂದಲೇ ಆ ಹೆಸರು ಬಂದಿತೆನ್ನುವವರ ಮಾತು ನಿಜವಾದರೆ, ಗುಟ್ಟಾದರೂ ಎಲ್ಲಿ ಉಳಿಯಿತು? ಚರ್ಚಿಲ್ಲನಿಂದ ಭಾರತೀಯರು ಕಲಿಯಬೇಕಾದದ್ದು ಅತ್ಯಲ್ಪ. ಆದರೂ 1943ರಲ್ಲಿ ಆತನು ತನ್ನ ಸೇನಾಧಿಕಾರಿಗಳಿಗೆ ಒಂದು ಯುಕ್ತವಾದ ಸೂಚನೆಯಿತ್ತನು: ಅನೇಕರು ಪ್ರಾಣ ತೆರಬಹುದಾದ ಕಾರ್ಯಕ್ಕೆ ಹಗುರವಾದ ಹೆಸರನ್ನಿಡಬಾರದು, ಮಗನು ಇಂತಹ ಹುಡುಗಾಟದ ಹೆಸರಿನ ಕಾಳಗದಲ್ಲಿ ಮಡಿದನೆಂದು ಯಾವ ತಾಯಿಯೂ ಹೇಳುವಂತಾಗಬಾರದು. ನಮ್ಮ ಯೋಧರ ತಾಯಂದಿರಿಗೆ ಉಳಿದದ್ದು ಶ್ರೀಮಂತರ ಕುದುರೆಯಾಟದ ಹೆಸರು!

‘ಪೋಲೀಸ್’ ಎಂಬ ಮಾತು ಇದಕ್ಕಿಂತಲೂ ಕೆಟ್ಟದ್ದು. ನಿಜಾಮನ ಸರಕಾರವು ಆಗಸ್ಟಿನಲ್ಲಿಯೇ ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಲಿಗೆ ದೂರಿತ್ತಿತ್ತು. ಇದು ಮನೆಯೊಳಗಿನ ವ್ಯವಹಾರವೆಂದು ಜಗತ್ತಿಗೆ ಕಾಣಿಸಬೇಕಾಗಿತ್ತು. ಆದರೆ ಪೋಲೀಸಿನವನು ವಾರಂಟು ಹಿಡಿದು ಬರುತ್ತಾನೆ. ಸಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಬಂದದ್ದು ಟ್ಯಾಂಕುಗಳ ದಳ. 17ರಂದು ನಿಜಾಮನು ಮಣಿದನು. ಮರುದಿನ ಆತನ ಸೇನಾಪತಿ ಎಲ್ ಎಡ್ರೂಸ್, ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದನು. ಯಾವ ಠಾಣೆಯ ದಫ್ತರದಲ್ಲಿ ಇಂತಹ ಶರಣಾಗತಿಯು ದಾಖಲಾಗುತ್ತದೆ?

ಈ ಹೆಸರಿನ ಮರೆಯಲ್ಲಿ ಎರಡು ಬಗೆಯ ಸಾವುಗಳು ಅಡಗಿವೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕೊಲೆಗಳು ಒಂದು. ಸೈನ್ಯವು ಗೆದ್ದ ಬಳಿಕ ಬೀದರ, ಕಲಬುರ್ಗಿಯ ಹಳ್ಳಿಗಳಲ್ಲಿ ನಿರಪರಾಧಿ ಮುಸಲ್ಮಾನರ ಮೇಲೆ ನಡೆದ ಹತ್ಯೆಗಳು ಇನ್ನೊಂದು. ನೆಹರೂ ಅವರೇ ಕಳುಹಿಸಿದ ಸುಂದರಲಾಲ್ ಸಮಿತಿಯು ಹೈದರಾಬಾದ್ ರಾಜ್ಯದಲ್ಲಿ ಒಟ್ಟು 27,000ದಿಂದ 40,000 ಜನರು ಸತ್ತರೆಂದು ಅಂದಾಜು ಮಾಡಿತು. ಆ ವರದಿಯನ್ನು ಸರಕಾರವು ದಶಕಗಳವರೆಗೆ ಪ್ರಕಟಿಸಲಿಲ್ಲ. ಪೋಲೀಸ್ ಕ್ರಮವೆಂದ ಮೇಲೆ ಸತ್ತವರ ಲೆಕ್ಕವನ್ನು ಕೇಳುವವರಾರು?

1956ರಲ್ಲಿ ಈ ಮೂರು ಜಿಲ್ಲೆಗಳು ಕನ್ನಡ ನಾಡಿನೊಡನೆ ಒಂದಾದವು. 2019ರಲ್ಲಿ ಆ ಪ್ರಾಂತಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ಆದುದರಿಂದ ಉಪಾಧ್ಯಾಯ ಮಹಾಶಯರಲ್ಲಿ ನಮ್ಮ ಬೇಡಿಕೆಯಿಷ್ಟು: ಮುಂದಿನ ಸಪ್ಟೆಂಬರ್ 17ರಂದು ಕರಿಹಲಗೆಯ ಮೇಲೆ ‘ಹೈದರಾಬಾದಿನ ಯುದ್ಧ, 1948’ ಎಂದು ಬರೆಯಿರಿ. ಅದರ ಕೆಳಗೆ ಗೋರ್ಟಾದ ಹೆಸರನ್ನೂ ಸುಂದರಲಾಲ್ ವರದಿಯ ಹೆಸರನ್ನೂ ಬರೆಯಿರಿ.